ತಪಾಸಣೆ ಸಾಹೇಬರ ಅಗಲ ಚಕ್ರಗಳು

ಖಲ್ದೂನ್ ಸಾಹೇಬರು ನಿವೃತ್ತರಾದ ಸುದ್ದಿ ಅಮ್ಮಾನಿನ ಬಯಾದಿರ್ ಬಡಾವಣೆಯ ಗ್ಯಾರೇಜು ಬೀದಿಗೆ ಮುಟ್ಟಿದ ದಿನ ದಿರಾರ್ ತನ್ನ ಅಂಗಡಿ ಮುಂದೆ ನಿಂತು ಹೋಗಿ ಬರುವವರಿಗೆಲ್ಲ ಬಿಸಿ ಕುನಾಫಾ ಸಿಹಿ ಹಂಚಿದ. ಮಗಳು ಪಾಸಾದಳೇ ಎಂದು ಕೇಳಿದವರಿಗೆ, "ಇಲ್ಲ, ಫೇಲು ಮಾಡೋನು ಮನೆಗೆ ಹೋದ" ಎಂದು ಹೇಳಿ ಇನ್ನೊಂದು ತುಂಡು ಕೊಟ್ಟ.

ದಿರಾರ್‌ನ ಸಂತೋಷಕ್ಕೆ ಕಾರಣವಿತ್ತು. ಅವನದು ರಿಮ್ಮಿನ ಅಂಗಡಿ. ಅಮ್ಮಾನಿನ ಹುಡುಗರು ತಮ್ಮ ಹಳೆಯ ಕಾರುಗಳಿಗೆ ಅಗಲವಾದ, ಹೊಳೆಯುವ ಚಕ್ರ ಹಾಕಿಸಿಕೊಳ್ಳಲು ಬರುತ್ತಿದ್ದದ್ದು ಅವನಲ್ಲಿಗೆ. ಆ ಚಕ್ರಗಳು ಒಳಗೆ ಎಲ್ಲೂ ಉಜ್ಜದಂತೆ, ಹೊರಗೆ ಎದೆಯುಬ್ಬಿಸಿ ನಿಲ್ಲುವಂತೆ, ಚಕ್ರಕ್ಕೂ ಅದನ್ನು ಹೊರುವ ನಡುವಿನ ಗುಂಬಕ್ಕೂ ಮಧ್ಯೆ ಅವನು ಒಂದು ಲೋಹದ ಬಿಲ್ಲೆ ಕೂರಿಸುತ್ತಿದ್ದ. ಪೇಟೆಯಲ್ಲಿ ಅದಕ್ಕೆ ಸ್ಪೇಸರ್ ಎನ್ನುತ್ತಿದ್ದರು. ಆಮೇಲೆ ಪ್ರತಿ ವರ್ಷ ಪರವಾನಗಿ ನವೀಕರಿಸುವ ಹೊತ್ತಿಗೆ ಆ ಕಾರುಗಳು ತಪಾಸಣೆ ಅಂಗಳಕ್ಕೆ ಹೋಗಲೇಬೇಕು, ಅಲ್ಲಿ ಖಲ್ದೂನ್ ಸಾಹೇಬರು ಕೈದೀಪ ಹಿಡಿದು ನಿಂತಿರಲೇಬೇಕು.

ಸಾಹೇಬರು ಕೂಗಾಡುತ್ತಿರಲಿಲ್ಲ. ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ನಟ್ಟು ಸಡಿಲಿಸಿ, ಅದು ಕಳಚಿ ಕೈಗೆ ಬರುವವರೆಗೆ ಎಷ್ಟು ಸುತ್ತು ಎಂದು ಬಾಯಿಬಿಟ್ಟು ಎಣಿಸುತ್ತಿದ್ದರು. ಬಿಲ್ಲೆ ಎಷ್ಟು ದಪ್ಪವೋ ಗುಂಬದಿಂದ ಹೊರಬಂದ, ನಟ್ಟು ಕೂರುವ ತಿರುಪಿನ ಗೂಟ ಅಷ್ಟು ಗಿಡ್ಡವಾದಂತೆ. ಗೂಟ ಗಿಡ್ಡವಾದರೆ ನಟ್ಟಿಗೆ ಕಚ್ಚಿಕೊಳ್ಳಲು ತಿರುಪೇ ಉಳಿಯುವುದಿಲ್ಲ. ಎಣಿಕೆ ಬೇಗ ಮುಗಿದುಬಿಟ್ಟರೆ ನಟ್ಟನ್ನು ಕಾರಿನ ಯಜಮಾನನ ಅಂಗೈಗೆ ಹಾಕಿ, "ಕಾರ್ಖಾನೆಯಿಂದ ಬರದ ಸಾಮಾನು ಇದು. ಇದರ ಜವಾಬ್ದಾರಿ ಯಾರದು, ನಿಮ್ಮಪ್ಪಂದಾ?" ಎನ್ನುತ್ತಿದ್ದರು. ಎಣಿಕೆ ಸರಿಯಾಗಿದ್ದರೂ ಅದೇ ಮಾತು. ಬಿಲ್ಲೆ ಎಂದರೆ ಫೇಲು.

ಈ ಹಟ ಅವರಿಗೆ ಹರೆಯದಲ್ಲೇ ಹತ್ತಿಕೊಂಡಿತ್ತು. ಸಾಲ್ತ್ ಊರಿನಿಂದ ಬಸ್ಸಿನಲ್ಲಿ ಇಳಿಜಾರು ಇಳಿದು ಬರುತ್ತಿದ್ದಾಗ ಒಮ್ಮೆ ಕಿಟಕಿಯ ಪಕ್ಕದಲ್ಲೇ ಒಂದು ಚಕ್ರ, ಕಾರಿಲ್ಲದೆ, ಒಂಟಿಯಾಗಿ ಬಸ್ಸನ್ನು ಹಿಂದೆ ಹಾಕಿ ಓಡಿಹೋಯಿತು. ತಿರುವಿನಲ್ಲಿ ಅದು ಕಲ್ಲಂಗಡಿ ರಾಶಿಗೆ ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ. ಬಸ್ಸಿನವರೆಲ್ಲ ಇಳಿದು ಒಡೆದ ಹಣ್ಣು ತಿಂದು, ನಗಾಡಿ ಮತ್ತೆ ಬಸ್ಸು ಹತ್ತಿದರು. ಖಲ್ದೂನ್ ಮಾತ್ರ ತಿನ್ನಲಿಲ್ಲ. ಆ ರಾಶಿಯ ಜಾಗದಲ್ಲಿ ಮನುಷ್ಯರಿದ್ದಿದ್ದರೆ ಎಂಬ ಯೋಚನೆ ಅವರ ತಲೆ ಹೊಕ್ಕಿತು. ಹೊಕ್ಕಿದ್ದು ಕೆಲಸದಲ್ಲಿದ್ದಷ್ಟು ಕಾಲವೂ ಹೊರಬರಲಿಲ್ಲ.

ಲಂಚದ ಮಾತು ಬಿಡಿ, ಅಂಗಳಕ್ಕೆ ಬಂದವರ ಕೈಯಿಂದ ಒಂದು ಲೋಟ ಚಹಾ ಮುಟ್ಟಿದವರಲ್ಲ. ಅವರಿಗೆ ಒಂದೇ ಒಂದು ಸುಖವಿತ್ತು. ಬೆಳಿಗ್ಗೆ ಫೇಲಾದ ಹುಡುಗರು ಮಧ್ಯಾಹ್ನದೊಳಗೆ ಕಾರ್ಖಾನೆಯ ಸಾದಾ ಚಕ್ರ ಹಾಕಿಕೊಂಡು, ತಲೆ ತಗ್ಗಿಸಿ ವಾಪಸು ಬರುತ್ತಿದ್ದರು. ಸಾಹೇಬರು ಅವರ ಬೆನ್ನು ತಟ್ಟಿ ಪಾಸು ಮಾಡುತ್ತಿದ್ದರು. ಸಂಜೆ ಮನೆಯಲ್ಲಿ ಹೆಂಡತಿ ನಜ್ಲಾಳಿಗೆ, "ಇವತ್ತೂ ಮೂರು ಜನ ದಾರಿಗೆ ಬಂದ್ರು" ಎಂದು ಹೇಳಿದ ಮೇಲೇ ಊಟ.

ನಿವೃತ್ತಿಯಾದ ಮೇಲೆ ದಾರಿಗೆ ತರಲು ಮನೆಯಲ್ಲಿ ನಜ್ಲಾ ಒಬ್ಬಳೇ ಉಳಿದಳು. ಗ್ಯಾಸಿನ ಕೊಳವೆ, ಬಾಲ್ಕನಿಯ ಸಲಾಕೆ, ಕುಕ್ಕರಿನ ಮುಚ್ಚಳ, ಎಲ್ಲದರ ತಪಾಸಣೆಯೂ ಆಯಿತು. ಒಂದು ದಿನ ಅವಳು ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತುತ್ತಿದ್ದಾಗ ಸಾಹೇಬರು ಒಂದು ಸುರುಳಿ ಎತ್ತಿ, ತಿರುಗಿಸಿ ನೋಡಿ, "ಇದು ಸಡಿಲ" ಎಂದರು.

ನಜ್ಲಾ ಎಲೆ ಕೆಳಗಿಟ್ಟಳು. "ರೀ, ನಿಮ್ಮ ಕಾಲಿಗೆ ಚಪ್ಪಲಿ ಇದೆ, ಬಾಗಿಲು ಆ ಕಡೆ ಇದೆ. ಸಂಜೆ ತನಕ ಊರಿನ ಯಾವ್ದಾದ್ರೂ ಗ್ಯಾರೇಜಲ್ಲಿ ಕೂತ್ಕೊಂಡು ಬನ್ನಿ. ನನ್ನ ಫೇಲು ಮಾಡಿದ್ರೆ ಇನ್ನೊಬ್ಬಳನ್ನ ತರೋ ವಯಸ್ಸಲ್ಲ ನಿಮ್ದು."

ಹೀಗೆ ಅವರು ಬಯಾದಿರ್‌ಗೆ ಬಂದರು. ದೂರದಿಂದಲೇ ಆ ನಡಿಗೆ ಗುರುತಿಸಿದ ದಿರಾರ್‌ಗೆ ಕುನಾಫಾ ತಿರುಗಿ ಗಂಟಲಿಗೆ ಬಂದಂತಾಯಿತು. ಆದರೂ ಮನೆ ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವ ಜಾತಿ ಅವನದಲ್ಲ. ಕುರ್ಚಿ ಹಾಕಿ, ಮರಮಿಯ್ಯ ಸೊಪ್ಪಿನ ಚಹಾ ತರಿಸಿದ. ಸಾಹೇಬರು ಲೋಟ ನೋಡಿದರು. ಈಗ ಯಾವ ನಿಯಮವೂ ಅಡ್ಡವಿಲ್ಲ ಎಂದು ಹೊಳೆದು, ಗ್ಯಾರೇಜಿನವನ ಚಹಾವನ್ನು ಬಾಳಿನಲ್ಲಿ ಮೊದಲ ಸಲ ಕುಡಿದರು. ಚೆನ್ನಾಗಿತ್ತು.

ಅಷ್ಟರಲ್ಲಿ ದಿರಾರ್ ಒಬ್ಬ ಗಿರಾಕಿಯ ಕಾರಿಗೆ ಬಿಲ್ಲೆ ಕೂರಿಸಿ, ಹಳೆಯ ಗೂಟಕ್ಕೇ ನಟ್ಟು ಕೊಟ್ಟು ಗಾಳಿಯ ಗನ್ನಿನಿಂದ ಗರ್ರೆನ್ನಿಸಿದ. ಸಾಹೇಬರು ಎದ್ದೇ ಬಿಟ್ಟರು.

"ಬಿಚ್ಚು ಅದನ್ನ."

"ಸಾಹೇಬ್ರೇ, ನೀವೀಗ ರಿಟೈರ್ಡು" ಎಂದ ದಿರಾರ್, ಆದಷ್ಟು ಮೆತ್ತಗೆ.

"ನಾನು ರಿಟೈರ್ಡು. ಈ ಗೂಟ ಅಲ್ಲವಲ್ಲ? ಬಿಚ್ಚು."

ಅವರೇ ಕೂತು ನಟ್ಟು ತಿರುಗಿಸಿ ಎಣಿಸಿದರು. ನಾಲ್ಕಕ್ಕೇ ಅದು ಕೈಗೆ ಬಂತು. ಗಿರಾಕಿ ಬೇಕರಿಯವನು, ಮೂರು ಮಕ್ಕಳ ತಂದೆ. ಆ ನಟ್ಟು ನೋಡಿ ಅವನ ಮುಖ ಹಿಟ್ಟಿನಂತಾಯಿತು. "ನನ್ನ ಮಕ್ಕಳು ಇದರಲ್ಲೇ ಕೂರೋದು, ಸಾಹೇಬ್ರೇ. ಏನ್ಮಾಡ್ಲಿ ಹೇಳಿ" ಎಂದ.

ಬಿಲ್ಲೆ ತೆಗೆಸು ಎನ್ನಲು ಸಾಹೇಬರು ಬಾಯಿ ತೆರೆದರು. ಆದರೆ ಅವರನ್ನು ಇಂಥದ್ದು ಯಾರೂ ಕೇಳಿರಲಿಲ್ಲ. ಅಂಗಳದಲ್ಲಿ ಜನ ಬೇಡುತ್ತಿದ್ದರು, ಬೈಯುತ್ತಿದ್ದರು, ಏನು ಮಾಡಲಿ ಎಂದು ಕೇಳುತ್ತಿರಲಿಲ್ಲ. "ಉದ್ದದ ಗೂಟ ಹಾಕಿಸು" ಎಂದುಬಿಟ್ಟರು.

ಅಲ್ಲಿಂದ ದಿರಾರ್‌ನ ಅಂಗಡಿಯ ದೆಸೆ ತಿರುಗಿತು. ಬ್ರೇಕಿನ ತಟ್ಟೆ ಬಿಚ್ಚದೆ ಗೂಟ ಬದಲಿಸುವಂತಿಲ್ಲ. ಹಳೆಯದನ್ನು ಒತ್ತಿ ತೆಗೆದ ಮೇಲೆ ಹೊಸದರ ಹಲ್ಲು ಗುಂಬದ ತೂತಿಗೆ ಸರಿಯಾಗಿ ಕಚ್ಚುತ್ತದೆಯೇ ನೋಡಬೇಕು. ಗುಂಬದ ಮುಖದ ತುಕ್ಕನ್ನು ಕನ್ನಡಿ ಒರೆಸಿದಂತೆ ಒರೆಸಬೇಕು, ಇಲ್ಲದಿದ್ದರೆ ಬಿಲ್ಲೆ ಓರೆ ಕೂರುತ್ತದೆ. ಗಾಳಿಯ ಗನ್ನು ಮುಟ್ಟಬಾರದು. ಬಿಗಿ ಅಳೆಯುವ ಉದ್ದ ಸ್ಪ್ಯಾನರಿನಿಂದ ಎದುರುಬದುರಾಗಿ ಬಿಗಿಯಬೇಕು, ಸ್ವಲ್ಪ ದಿನ ಓಡಿಸಿದ ಮೇಲೆ ಬಂದು ಮತ್ತೆ ಬಿಗಿಸಿಕೊಂಡು ಹೋಗಬೇಕು. ದಿರಾರ್ ಗೊಣಗಿದ, ಶಪಿಸಿದ, ಎರಡು ಸಲ ಸ್ಪ್ಯಾನರು ಎಸೆದ. ಆದರೆ ಬೇಕರಿಯವನು ಊರಿಗೆಲ್ಲ ಸಾರಿಬಿಟ್ಟಿದ್ದ. "ಫೇಲು ಮಾಡ್ತಿದ್ದ ಸಾಹೇಬ್ರೇ ಅಲ್ಲಿ ಕೂತಿರ್ತಾರೆ ಕಣ್ರೋ. ಅವರು ಹೂಂ ಅಂದ ಮೇಲೆ ಇನ್ನೇನು ಬೇಕು?" ಬಿಲ್ಲೆಯ ಹೆಸರೆತ್ತಿದರೆ ಉರಿಯುತ್ತಿದ್ದ ಮನುಷ್ಯ ಹೀಗೆ ಇಡೀ ಅಮ್ಮಾನಿನಲ್ಲಿ ಬಿಲ್ಲೆಗೆ ಜಾಮೀನಾದರು.

ಒಬ್ಬ ಗಿರಾಕಿ ನಾಲ್ಕು ರಿಮ್ಮು ತರಿಸಿ, ಹಾಕಿಸಿಕೊಳ್ಳುವ ಮೊದಲೇ ಕುವೈತಿಗೆ ಕೆಲಸಕ್ಕೆ ಹೋದ. ಗಾಢ ಬೂದು ಬಣ್ಣದವು, ಅಂಚಿಗೆ ಮಾತ್ರ ಬೆಳ್ಳಿಯ ಹೊಳಪು. ಚಳಿಗಾಲವಿಡೀ ಅವು ಸಾಹೇಬರ ಕುರ್ಚಿಯ ಎದುರು ಗೋಡೆಗೊರಗಿ ನಿಂತಿದ್ದವು. ಮೊದಮೊದಲು ಅವರು ನೋಡಲಿಲ್ಲ. ಆಮೇಲೆ ಧೂಳು ಕೂತಿದೆ ಎಂದು ಒರೆಸಿದರು. ಆಮೇಲೆ ಬರೀ ತಿಳುವಳಿಕೆಗೆಂದು ಅಳೆದರು. ತಮ್ಮ ಹಳೆಯ ಬೆಳ್ಳಿ ಬಣ್ಣದ ಕಾರಿಗೆ ತೂತುಗಳು ಸರಿಹೊಂದುತ್ತವೆ ಎಂದು ತಿಳಿದ ದಿನ ಚಹಾ ಕುಡಿಯುವುದನ್ನೇ ಮರೆತರು.

"ಸುಮ್ನೆ ಒಂದ್ಸಲ ಹಾಕಿ ನೋಡೋಣ್ವಾ?" ಎಂದ ದಿರಾರ್. ಅವನಿಗೆ ಇಂಥ ಕಾಯಿಲೆ ಹೊಸದಲ್ಲ.

"ಟೈರು ಹೇಗೂ ಸವೆದಿತ್ತು" ಎಂದರು ಸಾಹೇಬರು.

ಹಾಕಿದಾಗ ರಿಮ್ಮು ಒಳಗಿನ ಸ್ಪ್ರಿಂಗಿನ ಕಂಬಕ್ಕೆ ಉಜ್ಜಿತು. ಆದ್ದರಿಂದ ಬಿಲ್ಲೆ ಬೇಕಾಯಿತು. ಬಿಲ್ಲೆ ಬಂದದ್ದರಿಂದ ಗೂಟ ಗಿಡ್ಡವಾಯಿತು. ಗಿಡ್ಡವಾದದ್ದರಿಂದ ಉದ್ದದ ಗೂಟ. ಸಾಹೇಬರು ಪ್ರತಿಯೊಂದನ್ನೂ ತಾವೇ ನಿಂತು, ಬೆವರಿ, ಬೈದು ಮಾಡಿಸಿದರು. ಕಾರು ಜ್ಯಾಕಿನಿಂದ ಇಳಿದು ಅಗಲವಾಗಿ, ಭುಜ ಚಾಚಿ ನಿಂತಾಗ ಅವರು ಬೀದಿಯ ಆ ಕಡೆಗೆ ಹೋಗಿ ನೋಡಿದರು, ಈ ಕಡೆಗೆ ಬಂದು ನೋಡಿದರು.

"ಇದೇನಿದು, ಮದುವೆ ಗಂಡಿನ ಕಾರಿದ್ದ ಹಾಗಿದೆ?" ಎಂದಳು ನಜ್ಲಾ, ಮನೆ ಮುಂದೆ.

"ಶೋಕಿಗೆ ಏನೂ ಹಾಕ್ಸಿಲ್ಲ ನಜ್ಲಾ. ಒಂದಕ್ಕೆ ಇನ್ನೊಂದು ಬೇಕಾಯ್ತು. ಎಲ್ಲಾ ಅನಿವಾರ್ಯ."

"ಮತ್ತೆ ಆ ಮೊದಲ್ನೇದು?"

ಸಾಹೇಬರು ಬಗ್ಗಿ ರಿಮ್ಮಿನ ಅಂಚಿನ ಧೂಳು ಒರೆಸಿದರು.

ಪರವಾನಗಿಯ ದಿನ ಬಂತು. ದಿರಾರ್, "ಸಾದಾ ಚಕ್ರ ಹಾಕಿಕೊಂಡು ಹೋಗಿ" ಎಂದು ಕೈಮುಗಿದ. ಸಾಹೇಬರಿಗೆ ಅವಮಾನವಾಯಿತು. ಕದ್ದು ಮಾಡುವುದು ಅವರ ರಕ್ತದಲ್ಲೇ ಇರಲಿಲ್ಲ. ತಾವೇ ನಿಂತು ಮಾಡಿಸಿದ ಕೆಲಸ, ಅದರಲ್ಲಿ ತಪ್ಪು ಹುಡುಕಲಿ ನೋಡೋಣ ಎಂದು ಹಾಗೆಯೇ ಹೊರಟರು.

ಅಂಗಳದಲ್ಲಿ ಈಗ ಅವರ ಜಾಗದಲ್ಲಿದ್ದವನು ಗೈಸ್. ಸಾಹೇಬರೇ ಪಳಗಿಸಿದ ಹುಡುಗ, ಈಗ ಕೆನ್ನೆ ತುಂಬ ಗಡ್ಡ. ಗುರುವನ್ನು ಕಂಡು ಓಡಿಬಂದು ಭುಜಕ್ಕೆ ಮುತ್ತಿಟ್ಟ. ಆಮೇಲೆ ಚಕ್ರ ನೋಡಿದ. ಕುಕ್ಕರುಗಾಲಲ್ಲಿ ಕೂತು, ಒಂದು ನಟ್ಟು ಸಡಿಲಿಸಿ, ಬಾಯಿಬಿಟ್ಟು ಎಣಿಸಿದ. ಎಣಿಕೆ ಮುಗಿಯಲೇ ಇಲ್ಲ, ಅಷ್ಟು ಉದ್ದ ಹೋಯಿತು. ಸಾಹೇಬರು ಕಿವಿಗೊಟ್ಟು ಕೇಳಿ ಹೆಮ್ಮೆಯಿಂದ ನಕ್ಕರು.

ಗೈಸ್ ನಟ್ಟನ್ನು ಅವರ ಅಂಗೈಗೆ ಹಾಕಿದ. "ಕಾರ್ಖಾನೆಯಿಂದ ಬರದ ಸಾಮಾನು ಇದು, ಸಾರ್. ಇದರ ಜವಾಬ್ದಾರಿ ಯಾರದು, ನಿಮ್ಮ..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಅಯ್ಯಾ, ಗೂಟ ಉದ್ದದ್ದು. ಬಿಲ್ಲೆ ಗುಂಬದ ಮೇಲೆ ಕೂದಲೆಳೆ ಸಂದಿಲ್ಲದ ಹಾಗೆ ಕೂತಿದೆ. ನಾನೇ ಬಿಗಿ ಹಿಡಿಸಿದ್ದೀನಿ!"

"ಎಣಿಕೆ ಸರಿ ಇದ್ರೂ ಬಿಲ್ಲೆ ಅಂದ್ರೆ ಫೇಲು. ನೀವೇ ಹೇಳ್ಕೊಟ್ಟಿದ್ದು."

"ನಾನು ಹೇಳ್ದೆ ಅಂತ ಮಾಡೋದಾ? ನಿನಗೆ ತಲೆ ಇಲ್ವಾ?"

ಈ ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಲ್ಲಿ ಕೇಳಿದ್ದು ಎಂದು ಸಾಹೇಬರಿಗೆ ನೆನಪಾಯಿತು. ಅಂಗಳಕ್ಕೆ ಬಂದು ಫೇಲಾದ ಹುಡುಗರೆಲ್ಲ ಅವರಿಗೆ ಹೇಳಿದ್ದು ಅದನ್ನೇ. ಸುಮ್ಮನೆ ಕಾರು ಹತ್ತಿ ಗೇಟಿನಿಂದಾಚೆ ಬಂದರು.

ಮನೆಗೆ ಹೋಗಿ ಹಳೆಯ ಚಕ್ರ ತರಬೇಕು ಎಂದು ಕಾಂಪೌಂಡು ಗೋಡೆಯ ಹಿಂಬದಿಯ ರಸ್ತೆಗೆ ತಿರುಗಿದರೆ, ಅಲ್ಲೊಂದು ತಗಡಿನ ನೆರಳು. ಕೆಳಗೆ ಸಾದಾ ಚಕ್ರಗಳ ಗೋಪುರಗಳು. ಒಬ್ಬ ಬಿಳಿ ಮೀಸೆಯ ಮುದುಕ ಎರಡೂ ಕೈ ಚಾಚಿ ರಸ್ತೆಗೇ ಇಳಿದ.

"ಖಲ್ದೂನ್ ಸಾಹೇಬ್ರು! ನಮ್ಮನೆ ಬೆಳಕು! ಬನ್ನಿ, ಬನ್ನಿ."

"ಯಾರಯ್ಯಾ ನೀನು?"

"ಅಬೂ ಸಖ್ರ್ ಅಂತ. ನೀವು ಕೆಲ್ಸಕ್ಕೆ ಸೇರಿದ ವರ್ಷದಿಂದ ಇಲ್ಲೇ ಇದ್ದೀನಿ. ಒಳಗೆ ನೀವು ಫೇಲು ಮಾಡೋದು, ಇಲ್ಲಿ ನಾನು ಬಾಡಿಗೆ ಚಕ್ರ ಹಾಕಿ ಕಳ್ಸೋದು. ಪಾಸಾದ ಮೇಲೆ ಬಂದು ವಾಪಸ್ ಕೊಟ್ಟು ತಮ್ಮದನ್ನ ಹಾಕ್ಕೊಂಡು ಹೋಗ್ತಾರೆ. ಎರಡು ಮಕ್ಕಳನ್ನ ಡಾಕ್ಟ್ರು ಮಾಡ್ದೆ ಸಾಹೇಬ್ರೇ, ನಿಮ್ಮ ದಯದಿಂದ. ಬೇರೆಯವರು ಡ್ಯೂಟಿಲಿ ಇದ್ದ ದಿನ ನಮ್ಗೆ ಊಟಕ್ಕೂ ಹುಟ್ತಿರ್ಲಿಲ್ಲ."

ಸಾಹೇಬರು ಒಂದು ಚಕ್ರಗೋಪುರದ ಮೇಲೆ ಕೂತರು. ದಿನಕ್ಕೆ ಮೂವರಂತೆ ದಾರಿಗೆ ಬಂದವರೆಲ್ಲ ಈ ನೆರಳಿನಡಿಯೇ ಹಾದುಹೋಗಿದ್ದರು. ಬೆನ್ನು ತಟ್ಟಿಸಿಕೊಂಡು, ಗೋಡೆ ಸುತ್ತಿ ಬಂದು, ಗಿಡ್ಡ ಗೂಟಗಳ ಮೇಲೆ ಅದೇ ಅಗಲ ಚಕ್ರ ಏರಿಸಿ ಇಳಿಜಾರುಗಳಲ್ಲಿ ಓಡಿಸಿದ್ದರು. ಅಬೂ ಸಖ್ರ್ ಅಷ್ಟರಲ್ಲಿ ಜ್ಯಾಕು ಕೊಟ್ಟು ಬಿಲ್ಲೆ ಕಳಚಿ ಬಾಡಿಗೆ ಚಕ್ರ ಏರಿಸುತ್ತಿದ್ದ. ಹಣ ಬೇಡವೆಂದು ಆಣೆ ಹಾಕಿದ. ಸಾಹೇಬರಿಗೆ ತಡೆಯುವ ಶಕ್ತಿ ಇರಲಿಲ್ಲ.

ಮತ್ತೆ ಅಂಗಳ. ಗೈಸ್ ಚಕ್ರ ನೋಡಿದ, ಪಾಸು ಎಂದ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ.

"ಸಾರ್, ಈ ಚಕ್ರಕ್ಕೆ ಹಸಿರು ಬಣ್ಣದ ಚುಕ್ಕೆ ಇದೆ, ನೋಡಿ. ಬೆಳಿಗ್ಗೆ ಇದು ಒಂದು ಟ್ಯಾಕ್ಸಿಲಿ ಬಂದಿತ್ತು. ನಾನು ಕೆಲ್ಸಕ್ಕೆ ಸೇರಿದ ವಾರದಿಂದಲೇ ಇದನ್ನ ನೋಡ್ತಿದ್ದೀನಿ. ನಿಮಗೆ ಹೇಳ್ಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂತು. ನೀವು ಎಷ್ಟು ಖುಷಿಯಾಗಿ ಬೆನ್ನು ತಟ್ತಿದ್ರಿ, ಮನಸ್ಸಾಗ್ಲಿಲ್ಲ. ನಿಮಗೆ... ಗೊತ್ತಿರ್ಲಿಲ್ಲ, ಅಲ್ವಾ?"

ಸಾಹೇಬರು ಶಿಷ್ಯನ ಕಣ್ಣಲ್ಲಿ ಕನಿಕರ ಕಂಡರು. ಸಿಟ್ಟು ಕಂಡಿದ್ದರೆ ತಡೆದುಕೊಳ್ಳುತ್ತಿದ್ದರೇನೋ.

"ಗೊತ್ತಿತ್ತು" ಎಂದರು.

"ಗೊತ್ತಿತ್ತಾ?"

"ಮೊದಲ ದಿನದಿಂದ. ಬಡವರ ಹುಡುಗರು, ಹೋಗ್ಲಿ ಅಂತ ಬಿಟ್ಟಿದ್ದೆ."

ಬಾಳಿನಲ್ಲಿ ಒಂದು ಲೋಟ ಚಹಾಕ್ಕೂ ಮಾರದ ಪ್ರಾಮಾಣಿಕತೆಯನ್ನು ಅವರು ಅಲ್ಲಿ, ನಿಂತ ನಿಲುವಿನಲ್ಲಿ, ತಾವು ಕುರುಡರಲ್ಲ ಎಂದು ತೋರಿಸಲು ಕೊಟ್ಟುಬಿಟ್ಟರು. ಗುರುವಿನ ನಿಯಮ ಒಂದಿಂಚು ಮೀರದೆ ನಡೆದವನು ಗೈಸ್. "ಹಾಗಾದ್ರೆ ನಾನೇ ದಡ್ಡ, ಸಾರ್" ಎಂದು ಹೇಳಿ ಮುಂದಿನ ಕಾರಿನ ಕಡೆಗೆ ನಡೆದ. ಈ ಸಲ ಭುಜಕ್ಕೆ ಮುತ್ತಿಡಲಿಲ್ಲ.

ಮಾತು ಅಂಗಳದಿಂದ ಬೀದಿಗೆ, ಬೀದಿಯಿಂದ ಊರಿಗೆ ಹರಡಿತು. ಫೇಲು ಮಾಡುವ ಖಲ್ದೂನ್ ಸಾಹೇಬರು ಅಷ್ಟು ವರ್ಷವೂ ಕಂಡೂ ಕಾಣದಂತಿದ್ದ ಕರುಣಾಳು ಎಂದು ಜನ ಕೊಂಡಾಡಿದರು. ಆ ಈದ್‌ಗೆ ಅವರ ಮನೆಗೆ, ಹಿಂದೆ ಬಾಗಿಲ ಹತ್ತಿರವೂ ಸುಳಿಯದಿದ್ದ ಮಂದಿ ಖರ್ಜೂರ ತುಂಬಿದ ಮಾಮೂಲ್ ಎಂಬ ಸಿಹಿ ಬಿಸ್ಕತ್ತಿನ ತಟ್ಟೆಗಳನ್ನು ಹೊತ್ತು ತಂದರು. ಅಬೂ ಸಖ್ರ್ ತನ್ನ ಇಬ್ಬರು ಡಾಕ್ಟರು ಮಕ್ಕಳನ್ನೂ ಕರೆದುಕೊಂಡು ಬಂದ. ಗೈಸ್ ಮಾತ್ರ ಬರಲಿಲ್ಲ. ಸಾಹೇಬರು ಸಂಜೆಯವರೆಗೂ ಬಾಗಿಲ ಕಡೆ ನೋಡುತ್ತಿದ್ದರು.

ನಡೆದದ್ದನ್ನೆಲ್ಲ ಅವರು ನಜ್ಲಾಳೊಬ್ಬಳಿಗೇ ಹೇಳಿದ್ದು. ಅವಳು ಖಾಲಿ ತಟ್ಟೆ ಜೋಡಿಸುತ್ತ ಕೇಳಿಸಿಕೊಂಡಳು.

"ನಿಜ ಹೇಳಿದ್ದಿದ್ರೆ ಇವರಲ್ಲಿ ಒಬ್ರೂ ಬರ್ತಿರ್ಲಿಲ್ಲ" ಎಂದಳು.

"ಗೈಸ್ ಬರ್ತಿದ್ದ" ಎಂದರು ಸಾಹೇಬರು.

ಮರುದಿನ ಅವರು ದಿರಾರ್‌ನ ಅಂಗಡಿಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಅಗಲ ಚಕ್ರಗಳನ್ನು ಮತ್ತೆ ಹಾಕಿಸಿದ್ದರು, ಅದರಲ್ಲಿ ಬದಲಾವಣೆಯಾಗಲಿಲ್ಲ. ಒಬ್ಬ ಹುಡುಗನ ಕಾರಿನ ನಟ್ಟನ್ನು ದಿರಾರ್ ಸಡಿಲಿಸಿಟ್ಟು, "ಎಣಿಸಿ ಸಾಹೇಬ್ರೇ" ಎಂದ. ಅವರು ಎಣಿಸಿದರು, ಆದರೆ ಅಂದಿನಿಂದ ಬಾಯಿಬಿಟ್ಟು ಎಣಿಸುವುದನ್ನು ನಿಲ್ಲಿಸಿದರು. ಬಾಯಿಬಿಟ್ಟರೆ ಅದು ಅವರ ಕಿವಿಗೆ ಗೈಸ್‌ನ ಎಣಿಕೆಯಾಗಿ ಕೇಳುತ್ತಿತ್ತು.