ಮೂವತ್ತಾರಕ್ಕೆ ಇಪ್ಪತ್ತೆಂಟು

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ನಿಮ್ಮ ಅಮ್ಮ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದಳು. ಮರುಪರೀಕ್ಷೆಯೂ ಕೈಕೊಟ್ಟರೆ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕುವಂತಿರಲಿಲ್ಲ. ತಾಯಿ ಮಗಳು ನಾವಿಬ್ಬರೇ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆಗಿದ್ದೆವು. ಪಕ್ಕದ ಕೋಣೆಯ ಮೇಷ್ಟರು ಸಂಜೆ ಬಂದು ಪಾಠ ಹೇಳುತ್ತಿದ್ದರು. ಇನ್ನೂ ಮದುವೆಯಾಗದವರು.

ನಾನು ಒಳಗಿನಿಂದಲೇ ಕಿವಿಗೊಡುತ್ತಿದ್ದೆ. ಅವರು ಒಂದು ಶಬ್ದ ಹೇಳುವುದು, ಇವಳು ಏನೋ ಅನ್ನುವುದು, “ಅದಲ್ಲ, ಅದರ ಜೋಡಿ” ಎಂದು ಅವರು ತಿದ್ದುವುದು, ಇಬ್ಬರೂ ನಗುವುದು. ನಾನು ಓದಿದ ಹಳ್ಳಿ ಶಾಲೆಯಲ್ಲಿ ಮೇಷ್ಟರು ನಕ್ಕದ್ದು ನೆನಪಿಲ್ಲ.

ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ನೋಟ್‌ಬುಕ್ ತೆರೆದೆ. ಇಂಗ್ಲಿಷ್ ಅಕ್ಷರ ನನಗೆ ಬಾರದು, ಅಂಕಿ ಬರುತ್ತಿತ್ತು. ಪುಟದ ನಡುವೆ ಗೆರೆ. ಎಡಕ್ಕೊಂದು ಹೆಸರಿನಂಥದ್ದು, ಬಲಕ್ಕೊಂದು. ಎದುರಿಗೆ ಕೆಂಪು ಟಿಕ್ಕು. ಕೆಳಗೆ ಮೂವತ್ತಾರಕ್ಕೆ ಇಪ್ಪತ್ತೆಂಟು. ಗಂಡುಹೆಣ್ಣಿನ ಜಾತಕ ಹೊಂದಿಸುವಾಗ ಎಣಿಸುವುದು ಮೂವತ್ತಾರು ಗುಣ. ಇಪ್ಪತ್ತೆಂಟು ಕೂಡಿಬಂದರೆ ಬೇಡ ಅನ್ನುವವರಿಲ್ಲ. ನನಗೆ ತಿಳಿಸದೆ ಇಷ್ಟು ಮುಂದುವರಿದಿದ್ದಾರೆ ಅಂದುಕೊಂಡೆ.

ಅಂದು ಸಂಜೆ ಬಾಗಿಲ ಮರೆಯಲ್ಲಿ ನಿಂತೇ ಮೇಷ್ಟರಿಗೆ ಇನ್ನು ಪಾಠ ಬೇಡವೆಂದೆ.

“ಪರೀಕ್ಷೆಗೆ ಹತ್ತೇ ದಿನ ಉಂಟಲ್ಲ ಅಮ್ಮ, ನಿಂಗೆ ಎಂತ ಆಯ್ತು?” ಎಂದು ಮಗಳು ಅತ್ತಳು. ಅಳು ನೋಡಿ ಸಂಶಯ ಗಟ್ಟಿಯಾಯಿತು.

ಮಾರನೇ ದಿನ ನೋಟ್‌ಬುಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶೃಂಗೇರಿ ಬಸ್ಸು ಹತ್ತಿದೆ. ನಮ್ಮ ಮನೆಯ ಜಾತಕ ನೋಡುವ ಜೋಯಿಸರು ಅಲ್ಲಿದ್ದರು, ಹಿಂದೆ ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದವರು.

“ಇದನ್ನು ಹೊಂದಿಸಿ ಕೊಟ್ಟದ್ದು ನೀವೇಯಾ?” ಎಂದೆ.

ಅವರು ಕನ್ನಡಕ ಏರಿಸಿ ಓದಿದರು. “ಎಂತ ಜಾತಕ ಮಾರಾಯ್ತಿ? ಒಂದರ ಹಾಗೇ ಇನ್ನೊಂದು ಕಾಣೋ ಇಂಗ್ಲಿಷ್ ಶಬ್ದ ಇದು. ಇಕೋ, ಡೆಸರ್ಟು ಅಂದ್ರೆ ಮರಳುಗಾಡು. ಡಿಸರ್ಟು ಅಂದ್ರೆ ಊಟದ ಕೊನೆಗೆ ಬಡಿಸೋ ಸಿಹಿ. ಮೂವತ್ತಾರರಲ್ಲಿ ಎಂಟು ಕಡೆ ನಿನ್ನ ಮಗಳು ಅದಲುಬದಲು ಮಾಡಿದ್ದಾಳೆ.”

“ಹಾಗಾದ್ರೆ ಅಷ್ಟು ನಗು ಎಂತಕ್ಕೆ?”

“ಎಲೆಗೆ ಮರಳುಗಾಡು ಬಡಿಸಿದ್ರೆ ನಗದೆ ಎಂತ ಮಾಡ್ತಾರೆ?”

ಕೊಪ್ಪದಲ್ಲಿ ಇಳಿದವಳೇ ಮೇಷ್ಟರ ಬಾಗಿಲಿಗೆ ಹೋದೆ. ಪರಗಂಡಸರ ಬಾಗಿಲನ್ನು ನಾನಾಗಿ ತಟ್ಟಿದ್ದು ಅದೇ ಮೊದಲು. ಕ್ಷಮಿಸಿ ಅನ್ನಬೇಕಿತ್ತು. ಅದರ ಬದಲು ನೋಟ್‌ಬುಕ್ ಚಾಚಿ, “ಇನ್ನೂ ಎಂಟು ತಪ್ಪು ಉಂಟಂತೆ,” ಎಂದೆ.

“ಯಾರು ಹೇಳಿದ್ದು ಅಮ್ಮಾ?”

“ಪಾಠಕ್ಕೆ ಬನ್ನಿ,” ಎಂದೆ. ಅವರು ಮತ್ತೆ ಕೇಳದೆ ಚಪ್ಪಲಿ ಮೆಟ್ಟಿ ಬಂದರು.

ಉಳಿದ ದಿನವೆಲ್ಲ ಪಾಠದ ಹೊತ್ತಿಗೆ ನಾನು ಅವರೆದುರೇ ಕುಳಿತೆ. ಜೋಯಿಸರ ಮಾತನ್ನು ಪೂರ್ತಿ ನಂಬಿರಲಿಲ್ಲ. ನಿಮ್ಮ ಅಮ್ಮ ಇಂಗ್ಲಿಷಿನಲ್ಲಿ ಐವತ್ತೊಂದು ತೆಗೆದು ಪಾಸಾದಳು.