ಮೇಘಶ್ರೀಯ ನಾಲ್ಕು ನಿಮಿಷ

ಮೊದಲೇ ಹೇಳಿಬಿಡುತ್ತೇನೆ: ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಕಡೆ ಚಿತ್ರೀಕರಣವಾದ ಒಂದು ಹಾಡಿನ ನಾಯಕನಟ ನಾನು. ಕಪ್ಪು ಕನ್ನಡಕ ಹಾಕಿಕೊಂಡು ನಾನು ಹಳೇಬೀಡಿನ ಕೆರೆ ಏರಿಯ ಮೇಲೆ ನಡೆದು ಬಂದಾಗ ಮೀನುಗಳು ಕತ್ತೆತ್ತಿ ನೋಡಿ, ಮತ್ತೆ ಮುಳುಗುವುದನ್ನು ಮರೆತು ಕೊಕ್ಕರೆಗಳ ಪಾಲಾದವು. ಬೇಲೂರಿನ ಶಿಲಾಬಾಲಿಕೆಯರು ಒಂಬೈನೂರು ವರ್ಷದಿಂದ ಸೊಂಟ ಓರೆ ಮಾಡಿಕೊಂಡು ಯಾರ ದಾರಿ ಕಾಯುತ್ತಿದ್ದಾರೆ ಎಂದು ಪಂಡಿತರು ತಲೆ ಕೆಡಿಸಿಕೊಂಡಿದ್ದಾರಲ್ಲ, ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಎಪ್ಪತ್ತು ದಾಟಿದ ಕೊಬ್ಬರಿ ವ್ಯಾಪಾರಿ ದೇವೀರಪ್ಪನಿಗೆ ಇಂಥ ಅವಕಾಶ ಒದಗಿಸಿದವಳು ಮೇಘಶ್ರೀ. ಹೇಳಹೊರಟಿರುವುದು ಅವಳ ಕಥೆ. ನನ್ನದು ನಡುನಡುವೆ ತಾನಾಗಿ ಬರುತ್ತದೆ.

ಮೇಘಶ್ರೀ ನನ್ನ ಚಿಕ್ಕಪ್ಪನ ಮಗನ ಮಗಳು. ಊರು ಹಾರನಹಳ್ಳಿ. ಅರಸೀಕೆರೆಯ ಕಾಲೇಜೊಂದರಲ್ಲಿ ಕೊನೆಯ ವರ್ಷದ ಬಿ.ಎ. ಅವಳು ಹುಟ್ಟಿದಾಗ ಅಳಲಿಲ್ಲವಂತೆ. ಸೂಲಗಿತ್ತಿಯ ಕಡೆ ತಿರುಗಿ, ಯಾಕೆ ಇಷ್ಟು ತಡ ಎಂದು ಕೇಳಿದಳಂತೆ. ನಾನು ಅಲ್ಲಿರಲಿಲ್ಲ, ಆದರೆ ನಂಬುತ್ತೇನೆ. ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ತಾಯಿ ವಿಶಾಲಮ್ಮ ಮದುವೆ ಮನೆಗಳಲ್ಲಿ ಒಬ್ಬಟ್ಟು ತಟ್ಟುತ್ತಾಳೆ. ಅವಳ ಒಬ್ಬಟ್ಟು ಎಷ್ಟು ತೆಳುವೆಂದರೆ, ಒಮ್ಮೆ ಯಾರೋ ತಿಳಿಯದೆ ಫ್ಯಾನ್ ಹಾಕಿದ್ದಕ್ಕೆ ಇಡೀ ಪಂಕ್ತಿಯ ಒಬ್ಬಟ್ಟು ಹಾರಿ ತಿಪಟೂರಿನಲ್ಲಿ ಇಳಿಯಿತು. ಅಲ್ಲಿಯವರು ತುಪ್ಪ ಹಾಕಿಕೊಂಡು ತಿಂದು, ಹಾಲು ಕಡಿಮೆಯಾಯಿತು ಎಂದು ಹೇಳಿ ಕಳಿಸಿದರು.

ದಿನಾ ಸಂಜೆ ಕಾಲೇಜು ಮುಗಿಸಿಕೊಂಡು ಹುಡುಗಿ ಬಸ್ ಸ್ಟ್ಯಾಂಡ್ ಬಳಿಯ ಶಶಿಕಿರಣನ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಿದ್ದಳು. ಆ ಕಸುಬಿನ ನಿಯಮಗಳು ಎಲ್ಲರಿಗೂ ಗೊತ್ತಿರುವುದಿಲ್ಲ. ಒಂದು, ಮುಖಗಳನ್ನು ಬೆಳ್ಳಗೆ ಮಾಡಬೇಕು. ಶಶಿಕಿರಣ ಒಮ್ಮೆ ಮದುಮಗಳನ್ನು ಎಷ್ಟು ಬೆಳ್ಳಗೆ ಮಾಡಿದ್ದನೆಂದರೆ, ಗೋಡೆಯ ಸುಣ್ಣದ ಜೊತೆ ಅವಳು ಕಲೆತುಹೋಗಿ, ಗಂಡು ಬರೀ ಸೀರೆಗೆ ತಾಳಿ ಕಟ್ಟುತ್ತಿರುವಂತೆ ಕಾಣುತ್ತಿತ್ತು. ಎರಡು, ಉಡುಗೊರೆ ಕೊಟ್ಟವರ ಮುಖ ಒಂದೂ ತಪ್ಪಬಾರದು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಧಾರೆಯ ಹೊತ್ತಿನಲ್ಲಿ ಗಂಡ ಸತ್ತ ಹೆಂಗಸರು ಕಾಣಬಾರದು. ಬರಿಗೈ ಬಂದರೆ ಕತ್ತರಿ. ಕುಂಕುಮವಿಲ್ಲದೆ ವಿಭೂತಿಯಷ್ಟೇ ಇರುವ ಹಣೆ ಬಂದರೂ ಕತ್ತರಿ. ಕ್ಯಾಮೆರಾದವನು ಮೊದಲು ಬಾಯಲ್ಲೇ ಕತ್ತರಿಸುತ್ತಾನೆ, "ಅಮ್ಮಾ, ಸ್ವಲ್ಪ ಸರೀರಿ" ಎಂದು. ಉಳಿದದ್ದನ್ನು ಎಡಿಟರ್ ಕತ್ತರಿಸುತ್ತಾನೆ.

ಒಂದು ದಿನ ಮೇಘಶ್ರೀಯ ಮುಂದಿದ್ದ ಮದುವೆಯಲ್ಲಿ, ಅಕ್ಷತೆ ಬೀಳುತ್ತಿರುವಾಗ, ಹಿಂದೆ ಕಂಬದ ಪಕ್ಕ ಒಬ್ಬಟ್ಟಿನ ತಟ್ಟೆ ಹಿಡಿದ ಹೆಂಗಸೊಬ್ಬಳು ಇಣುಕಿದಳು.

"ಆ ಹೆಂಗಸ್ನ ತೆಗಿ," ಎಂದ ಶಶಿಕಿರಣ.

"ಅದು ನಮ್ಮಮ್ಮ ಸಾರ್."

"ಯಾರಾದ್ರೇನಮ್ಮ, ಪಾರ್ಟಿ ನನ್ ಕುತ್ತಿಗೆ ಮೇಲೆ ಕೂರ್ತಾರೆ. ತೆಗಿ."

ತೆಗೆದಳು. ಮನೆಗೆ ಹೋಗಿ ತಾಯಿಯನ್ನು ಕೇಳಿದಳು, "ಅಮ್ಮ, ಯಾವ ಮದುವೆಯಲ್ಲಿ ನೋಡಿದ್ರೂ ಕಂಬದ ಹಿಂದೆ ನಿಂತಿರ್ತೀಯಲ್ಲ, ಯಾಕೆ?"

ವಿಶಾಲಮ್ಮ ಕೈಯ ಹಿಟ್ಟು ಕೊಡವಿದಳು. "ಕಂಬ ಬೀಳಬಾರ್ದಲ್ಲ ಕಣೇ. ಹಿಡ್ಕಂಡಿರ್ತೀನಿ."

ಆ ವಾರವೇ ಹಾಸನದಿಂದ ಕಾಲೇಜಿಗೆ ಸುದ್ದಿ ಬಂತು: ವಿದ್ಯಾರ್ಥಿಗಳು ಮಾಡಿದ ಹಾಡಿನ ವಿಡಿಯೋಗಳ ಸ್ಪರ್ಧೆ. ಎಲ್ಲರೂ ಪ್ರೇಮಗೀತೆ ಬರೆದರು. ಮೇಘಶ್ರೀ ಬರೆದದ್ದು ಬೇರೆ. ಅವಳ ಗೆಳತಿ ಭಾಗ್ಯ ಅದಕ್ಕೆ ರಾಗ ಹಾಕಿದಳು. ಭಾಗ್ಯಳ ಗಂಟಲು ಎಂಥದ್ದೆಂದರೆ, ಅವಳು ಅರಸೀಕೆರೆಯಲ್ಲಿ ಹಾಡಿದರೆ ರೈಲುಗಳು ತಮ್ಮನ್ನು ಕರೆದರೆಂದು ಬಾಣಾವರದಿಂದ ವಾಪಸು ಬರುತ್ತವೆ. ಪಲ್ಲವಿ ಹೀಗಿತ್ತು:

ಸ್ವಲ್ಪ ಸರೀರಿ, ಸ್ವಲ್ಪ ಸರೀರಿ,
ಸರಿದು ಸರಿದು ಗೋಡೆ ಸಿಕ್ತು,
ಇನ್ನು ಮುಂದೆ ನೀವೇ ಸರೀರಿ.

ಯೋಜನೆ ತಯಾರಾದದ್ದು ನನ್ನ ಕೊಬ್ಬರಿ ಅಟ್ಟದ ಕೆಳಗೆ. ಹುಡುಗಿಗೆ ಬೇಕಾದದ್ದು ಒಂದೇ ಶಾಟು: ಕಲ್ಯಾಣ ಮಂಟಪದಲ್ಲಿ ಹೆಣ್ಣುಗಂಡು ಕೂರುವ ಕೆಂಪು ಮಖಮಲ್ಲಿನ ಸೋಫಾದ ಮೇಲೆ ಅವಳಮ್ಮ ಕೂತಿರಬೇಕು, ಮುಖ ಪೂರ್ತಿ ಕಾಣಬೇಕು. ಉಳಿದದ್ದೆಲ್ಲ ಆ ಶಾಟಿಗೆ ಹೋಗುವ ದಾರಿ.

ಮಂಟಪ ರೇವಣಸಿದ್ದಪ್ಪನದು. ಅವನೇ ಕಾಲೇಜು ಸಮಿತಿಯ ಅಧ್ಯಕ್ಷ. ಮಠದ ಸಭೆಗಳಲ್ಲಿ ಮುಂದಿನ ಸಾಲು. "ನಮ್ಮಲ್ಲಿ ಸೂತಕ ಇಲ್ಲ, ಹೆಣ್ಣು ಗಂಡು ಭೇದ ಇಲ್ಲ" ಎಂದು ಮೈಕಿನಲ್ಲಿ ಹೇಳಿ ಹೇಳಿ ಮೈಕಿಗೇ ಅದು ಬಾಯಿಪಾಠವಾಗಿತ್ತು. "ಮಂಟಪ ಬಿಟ್ಟಿ ಕೊಡ್ತೀನಿ ಕಣಮ್ಮ, ನನ್ ಮುಖ ವಿಡಿಯೋದಲ್ಲಿ ಬರ್ಬೇಕು ಅಷ್ಟೆ" ಎಂದ. ನಾನು ನನ್ನ ಜೀಪು ಕೊಡುತ್ತೇನೆ, ನಾಯಕನ ಪಾತ್ರ ನನಗಿರಲಿ ಎಂದೆ. ಅದು ಹೊಯ್ಸಳರು ಊರು ಬಿಡುವಾಗ ಸ್ಟಾರ್ಟ್ ಆಗದೆ ಬಿಟ್ಟುಹೋದ ಜೀಪು. ಈಗ ಸ್ಟಾರ್ಟ್ ಆದರೆ ಕಡೂರಿನ ಹೆಂಗಸರು ಗುಡುಗೆಂದು ಒಣಹಾಕಿದ ಹಪ್ಪಳ ಒಳಗೆ ತೆಗೆದುಕೊಳ್ಳುತ್ತಾರೆ.

ಇಬ್ಬರಿಗೂ ಅವಳು ಒಂದೇ ಮಾತು ಹೇಳಿದಳು: "ನೋಡೋಣ." ನಮ್ಮ ಕಡೆ ನೋಡೋಣ ಎಂದರೆ ಆಯ್ತು ಎಂದೇ ಅರ್ಥ, ಹೆಣ್ಣು ನೋಡಲು ಬಂದವರು ಹೇಳಿದಾಗ ಒಂದು ಬಿಟ್ಟು.

ಹಳೇಬೀಡಿನ ಕೆರೆ ಏರಿಯ ಮೇಲೆ ನನ್ನ ನಟನೆ ಆಯಿತು. ನಡೆದೆ, ನಿಂತೆ, ಕನ್ನಡಕ ತೆಗೆದು ದಿಗಂತ ನೋಡಿದೆ. "ಸಾಕು ದೊಡ್ಡಪ್ಪ" ಎಂದಳು. ಇನ್ನೊಂದು ಸಲ ನಡೆದೆ. ಬೇಲೂರಿನಲ್ಲಿ ಗುಡಿಯ ಬಾಗಿಲಲ್ಲಿ ಕಾವಲಿನವನು ಕ್ಯಾಮೆರಾ ಸ್ಟ್ಯಾಂಡ್ ನೋಡಿ ತಡೆದ. "ಎರಡು ಕಾಲಿನೋರು ಹೋಗಿ. ಮೂರು ಕಾಲಿನದಕ್ಕೆ ಪರ್ಮಿಷನ್ ಬೇಕು."

ನಾನು ಶಿಫಾರಸು ಮಾಡಲು ಮುಂದೆ ಹೋದೆ. ಮೇಘಶ್ರೀ ನನ್ನ ತೋಳು ಹಿಡಿದು ಎಳೆದಳು. "ಬಿಡಿ ದೊಡ್ಡಪ್ಪ. ಒಳಗಿರೋರ ಫೋಟೋನ ಜನ ಸಾಕಷ್ಟು ತೆಗೆದಿದ್ದಾರೆ."

ಜೀಪನ್ನು ಗೋಪುರದೆದುರು ನಿಲ್ಲಿಸಿದಳು. ಒಳಗೆ ಕಲ್ಲಿನ ಸುಂದರಿ ಕನ್ನಡಿ ನೋಡಿಕೊಳ್ಳುತ್ತಾ ನಿಂತಿದ್ದರೆ, ಹೊರಗೆ ವಿಶಾಲಮ್ಮನನ್ನು ಜೀಪಿನ ಬದಿಗನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಹೇಳಿ, ಅದನ್ನು ತನ್ನ ಫೋನಿನಲ್ಲಿ ಹಿಡಿದಳು. ಬಿಸಿಲು ಹೊಡೆಯುತ್ತಿತ್ತು, ನಾನು ಛತ್ರಿ ಹಿಡಿದಿದ್ದೆ. ವಿಶಾಲಮ್ಮ ಬಹಳ ಹೊತ್ತು ನೋಡಿಕೊಂಡಳು. "ಇಷ್ಟು ನರೆ ಬಂದೈತೇನೇ ನಂಗೆ?" ಎಂದು ಕೇಳಿದಳು. ಹುಡುಗಿ ಫೋನು ಇಳಿಸಲಿಲ್ಲ.

ಮಂಟಪದ ಶಾಟಿಗೆ ಮಾತ್ರ ಸ್ಟುಡಿಯೋದ ದೊಡ್ಡ ಕ್ಯಾಮೆರಾ ತಂದಿದ್ದಳು. ತಾಯಿಗೆ ಹಸಿರು ಸೀರೆ ಉಡಿಸಿದ್ದಳು. ವಿಶಾಲಮ್ಮ ಸೋಫಾದ ಮುಂದೆ ನಿಂತು ಸೆರಗಿಗೆ ಕೈ ಒರೆಸಿಕೊಂಡಳು.

"ಬ್ಯಾಡ ಕಣೇ. ಎಣ್ಣೆ ಕೈ ತಾಗ್ತದೆ."

"ಇವತ್ತು ಎಣ್ಣೆ ಮುಟ್ಟೇ ಇಲ್ಲ ನೀನು. ಕೂತ್ಕೋ."

ಕೂತಳು. ಅಂಚಿನಲ್ಲಿ, ಮೂವರ ಸೀಟಿಗೆ ನಾಲ್ಕನೆಯವಳಾಗಿ ಬಸ್ಸಿನಲ್ಲಿ ಕೂತ ಹಾಗೆ. ಅಷ್ಟೇ ಸಿಕ್ಕಿತು. ಮೇಘಶ್ರೀಗೆ ಅಷ್ಟೇ ಸಾಕಾಗಿತ್ತು.

ತನ್ನ ಮುಖ ಹೇಗೆ ಬಂದಿದೆ ನೋಡಲು ರೇವಣಸಿದ್ದಪ್ಪ ಸ್ಟುಡಿಯೋಗೇ ಬಂದ. ನಾನೂ ನನ್ನದನ್ನು ನೋಡಲು ಜೊತೆಯಲ್ಲಿದ್ದೆ. ಅವನ ಮುಖ ಎಲ್ಲೂ ಬರಲಿಲ್ಲ. ಬಂದದ್ದು ಸೋಫಾ, ಅದರ ಮೇಲೆ ವಿಶಾಲಮ್ಮ.

ರೇವಣಸಿದ್ದಪ್ಪನ ಕಣ್ಣು ಕನ್ನಡಕದಿಂದ ಎರಡು ಇಂಚು ಮುಂದೆ ಬಂತು. "ಏನಿದು? ಬರೋ ಲಗ್ನಕ್ಕೆ ಅದೇ ಸೋಫಾ ಮೇಲೆ ಮದುಮಕ್ಕಳು ಕೂತ್ಕೋಬೇಕು. ಇದನ್ನ ನೋಡಿದ್ ಮೇಲೆ ಮಂಟಪ ಯಾರ್ ಹಿಡಿತಾರೆ?"

"ಸೂತಕ ಇಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್?"

"ಅದು ಭಾಷಣ ಕಣಮ್ಮಾ! ಇದು ಸೋಫಾ!"

ಇಂಥ ಸತ್ಯವನ್ನು ಅವನು ಮೈಕಿನಲ್ಲಿ ಯಾವತ್ತೂ ಹೇಳಿರಲಿಲ್ಲ.

"ಆ ಶಾಟ್ ತೆಗ್ದು, ಅಲ್ಲಿ ನಾನು ಬಂದು ದೀಪ ಹಚ್ಚೋದನ್ನ ಹಿಡಿದು ಹಾಕು. ಇಲ್ಲಾಂದ್ರೆ ಕಾಲೇಜ್ ಡೇಲಿ ಇದು ಓಡಲ್ಲ, ಕಾಲೇಜ್ ಹೆಸರಲ್ಲಿ ಹಾಸನಕ್ಕೂ ಹೋಗಲ್ಲ."

"ತೆಗೆಯಲ್ಲ ಸಾರ್."

ಶಶಿಕಿರಣ ನಡುವೆ ಬಂದ. ಅವನ ಮದುವೆ ಆರ್ಡರುಗಳೆಲ್ಲ ಆ ಮಂಟಪದವೇ. "ಮೇಘಾ, ಒಂದ್ ಶಾಟ್ ತಾನೇ, ಹಟ ಮಾಡ್ಬೇಡ." ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಅವನು ಅವಳ ಭುಜದ ಮೇಲಿಂದ ಕೈ ಚಾಚಿ, ಕಂಪ್ಯೂಟರಿನಲ್ಲೂ ಕ್ಯಾಮೆರಾದಲ್ಲೂ ಆ ಶಾಟನ್ನು ಅಳಿಸಿಹಾಕಿದ.

ಮೇಘಶ್ರೀ ಖಾಲಿ ಪರದೆಯನ್ನು ನೋಡಿದಳು. ಆಮೇಲೆ ಎದ್ದು, ಸ್ಟುಡಿಯೋದ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. "ಇಷ್ಟು ದಿನ ನಿಮಗೋಸ್ಕರ ನಾನು ಕಟ್ ಮಾಡ್ತಿದ್ದೆ ಸಾರ್. ಇನ್ಮೇಲೆ ನೀವೇ ಮಾಡ್ಕೊಳ್ಳಿ, ಕೈ ಚೆನ್ನಾಗಿ ಓಡುತ್ತೆ ನಿಮ್ಮದು."

ನನ್ನನ್ನೂ ನೋಡಿದಳು. ನನ್ನ ಬಾಯಿಯನ್ನು ಆ ಹೊತ್ತಿಗೆ ಯಾರೋ ಕೊಬ್ಬರಿ ಚೀಲದ ಹಾಗೆ ಹೊಲಿದಿದ್ದರು.

ಉಳಿದ ಚಿತ್ರಗಳು ಅವಳ ಫೋನಿನಲ್ಲಿದ್ದವು. ಹಾರನಹಳ್ಳಿಗೆ ಹೋಗಿಬರುವ ಟೆಂಪೋದಲ್ಲಿ ಕೂತು, ಹೆಬ್ಬೆರಳಿನಲ್ಲೇ ಎಡಿಟ್ ಮಾಡಿದಳು. ಆ ರಸ್ತೆಯ ಗುಂಡಿಗಳಲ್ಲಿ ಟೆಂಪೋ ಇಳಿದರೆ ಮೇಲೆ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ. ಅಲ್ಲಿ ಕೂತು ಅವಳು ದೃಶ್ಯಕ್ಕೆ ತಾಳ ಕೂಡಿಸಿದಳು. ಸೋಫಾದ ಶಾಟು ಇದ್ದ ಜಾಗದಲ್ಲಿ ಬರೀ ಕಪ್ಪು ಬಿಟ್ಟಳು. ಹಾಡು ಕೇಳುತ್ತದೆ, ಏನೂ ಕಾಣುವುದಿಲ್ಲ.

"ಅಲ್ಲಿ ನನ್ನ ಕೆರೆ ಏರಿ ನಡಿಗೆ ಹಾಕವ್ವಾ," ಎಂದೆ.

"ಅದು ಅಮ್ಮನ ಜಾಗ ದೊಡ್ಡಪ್ಪ. ಖಾಲಿ ಇದ್ರೂ ಅಮ್ಮಂದೇ."

ಕಾಲೇಜ್ ಡೇ ಬಂತು. ವಿಡಿಯೋ ಹಾಕಕೂಡದು ಎಂದು ರೇವಣಸಿದ್ದಪ್ಪನ ಕಟ್ಟಪ್ಪಣೆ. "ಹಾಡು ಬೇಕಾದ್ರೆ ಹಾಡ್ಕೊಳ್ಳಿ. ಹಾಡಿಗೇನು ಮುಖ ಇರುತ್ತಾ?" ಎಂದನಂತೆ. ವೇದಿಕೆಯ ಮೇಲೆ ಗಣ್ಯರಿಗೆ ಎಂದಿನಂತೆ ಅವನ ಮಂಟಪದಿಂದ ಅದೇ ಕೆಂಪು ಸೋಫಾ ಬಂದಿತ್ತು. ಒಂದು ಕಡೆ ಮುಖ್ಯ ಅತಿಥಿ, ನಡುವೆ ಮೈಸೂರು ಪೇಟ ಇಟ್ಟುಕೊಂಡು ರೇವಣಸಿದ್ದಪ್ಪ, ಅವನ ಇನ್ನೊಂದು ಪಕ್ಕದಲ್ಲಿ ಅವನಿಗೆ ಹಾಕಿದ್ದ ಹಾರಗಳು. ವಿಶಾಲಮ್ಮ ಸಭಾಂಗಣದ ಹಿಂದೆ, ಅಭ್ಯಾಸಬಲದಿಂದ ಒಂದು ಕಂಬದ ಪಕ್ಕ ನಿಂತಿದ್ದಳು.

ಭಾಗ್ಯ ಹಾಡಿದಳು. ಮೊದಲ ಸಲ ಪಲ್ಲವಿ ಬಂದಾಗ ಹುಡುಗರು ಚಪ್ಪಾಳೆ ತಟ್ಟಿದರು. ಎರಡನೆಯ ಸಲ ಹುಡುಗಿಯರು ಜೊತೆಗೆ ಹಾಡಿದರು. ಮೂರನೆಯ ಸಲ "ಗೋಡೆ ಸಿಕ್ತು" ಎನ್ನುವಾಗ ವಿಶಾಲಮ್ಮ ಕಂಬ ಬಿಟ್ಟಳು.

ನಡುವಿನ ದಾರಿಯಲ್ಲಿ, ಪಂಕ್ತಿಗೆ ಒಬ್ಬಟ್ಟು ಬಡಿಸಲು ಹೊರಟವಳ ನಡಿಗೆಯಲ್ಲಿ ಬಂದಳು. ಮೆಟ್ಟಿಲು ಹತ್ತಿದಳು. ಹಾರಗಳನ್ನು ಎತ್ತಿ ಸ್ಟೂಲಿನ ಮೇಲಿಟ್ಟಳು. ಭಾಗ್ಯ "ಇನ್ನು ಮುಂದೆ ನೀವೇ ಸರೀರಿ" ಎಂದಳು. ವಿಶಾಲಮ್ಮ ಕೂತಳು, ಈ ಸಲ ಅಂಚಿನಲ್ಲಲ್ಲ, ಬೆನ್ನು ಆನಿಸಿಕೊಂಡು. ರೇವಣಸಿದ್ದಪ್ಪ ಬೆಂಕಿ ತಾಗಿದವನಂತೆ ಆಚೆ ಸರಿದ. ಪೇಟ ಕಿವಿಯ ಮೇಲೆ ಬಂತು, ಮುಖ್ಯ ಅತಿಥಿ ಸೋಫಾದ ಕೈ ಮೇಲೆ ಏರಿ ಕೂತ. ಆಗ ಸಭೆ ತಟ್ಟಿದ ಚಪ್ಪಾಳೆಗೆ ಊರ ದೊಡ್ಡಕೆರೆಯಲ್ಲಿ ಅಲೆ ಎದ್ದು ಎರಡು ದಿನ ಇಳಿಯಲಿಲ್ಲ.

ವೇದಿಕೆಯ ಕೆಳಗೆ ಮೇಘಶ್ರೀ ಫೋನು ಹಿಡಿದು ನಿಂತಿದ್ದಳು. ಎಲ್ಲವನ್ನೂ ಅದರಲ್ಲಿ ಹಿಡಿದಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಏನಮ್ಮ ವಿಶಾಲಮ್ಮ, ಮಗಳು ಹೇಳಿಕೊಟ್ಟಿದ್ಲಾ?" ಎಂದು ಆಮೇಲೆ ಕೇಳಿದೆ.

"ಯಾರೂ ಇಲ್ಲ ಭಾವ. ಕಂಬ ಹಿಡ್ಕಂಡು ಹಿಡ್ಕಂಡು ಕೈ ಸೋತೋಗಿತ್ತು. ಬಿಟ್ಟು ನೋಡಿದೆ. ಬೀಳ್ಲಿಲ್ಲ."

ಕಪ್ಪು ಇದ್ದ ಜಾಗದಲ್ಲಿ ಈಗ ವೇದಿಕೆಯ ಆ ಶಾಟು ಬಂತು. ರೇವಣಸಿದ್ದಪ್ಪ ಕೂಗಾಡಿದ, "ತೆಗಿ ಅದನ್ನ!"

"ನಿಮ್ಮ ಮುಖ ಇರ್ಬೇಕು ಅಂದಿದ್ರಲ್ಲ ಸಾರ್. ಅದೊಂದು ಶಾಟಲ್ಲೇ ನೀವು ಇರೋದು. ತೆಗೀಲಾ?"

ಅವನು ವಿಡಿಯೋ ಇನ್ನೊಮ್ಮೆ ನೋಡಿದ. ಪೇಟ ಸ್ವಲ್ಪ ನೆಟ್ಟಗೆ ಮಾಡೋಕಾಗುತ್ತಾ ಎಂದು ಮೆಲ್ಲಗೆ ಕೇಳಿದ. ಆಗಲ್ಲ ಎಂದಳು. ಹಾಗಾದರೆ ಇದ್ದಂತೆಯೇ ಹಾಸನಕ್ಕೆ ಹೋಗಲಿ ಎಂದ.

ಹಾಸನದಲ್ಲಿ ಬಹುಮಾನ ಬಂದದ್ದು ಡ್ರೋನ್ ಹಾರಿಸಿದ ಯಾವುದೋ ಪ್ರೇಮಗೀತೆಗೆ. ಅದಕ್ಕೆ ನಮ್ಮವರು ಯಾರೂ ಅಳಲಿಲ್ಲ. ಮದುವೆ ಅಡುಗೆಯ ಹೆಂಗಸರು ಹಾಡನ್ನು ಫೋನಿಂದ ಫೋನಿಗೆ ದಾಟಿಸಿದರು. ಈಗ ಮಂಟಪಗಳಲ್ಲಿ ಕ್ಯಾಮೆರಾದವನು "ಸ್ವಲ್ಪ ಸರೀರಿ" ಎಂದರೆ ಸಾಕು, ಅಡುಗೆಮನೆಯಿಂದ ಮುಂದಿನ ಸಾಲು ಕೇಳಿಬರುತ್ತದೆ. ಅವನೇ ಕ್ಯಾಮೆರಾ ಎತ್ತಿಕೊಂಡು ಸರಿಯುತ್ತಾನೆ.

ಒಂದು ಭಾನುವಾರ ಮೇಘಶ್ರೀ ನನ್ನ ಜಗಲಿಗೆ ಬಂದು, ಪೂರ್ತಿ ವಿಡಿಯೋ ತೋರಿಸಿದಳು. ನಾಲ್ಕು ನಿಮಿಷ. ನಾನು ಕನ್ನಡಕ ಒರೆಸಿಕೊಂಡು ನನಗಾಗಿ ಹುಡುಕಿದೆ. ಕೆರೆ ಏರಿ ಬಂತು, ಅದರ ಮೇಲೆ ಒಂದು ಎಮ್ಮೆ ನಡೆಯುತ್ತಿತ್ತು. ಬೇಲೂರು ಬಂತು, ನನ್ನ ಜೀಪಿನ ಕನ್ನಡಿ ಬಂತು, ಕನ್ನಡಿಯ ತುಂಬ ವಿಶಾಲಮ್ಮ. ಮೂಲೆಯಲ್ಲಿ ನನ್ನ ಛತ್ರಿಯ ಒಂದು ಕಡ್ಡಿ. ನಾಯಕನಟನಾಗಿ ನಾನು ಕಾಣಿಸಿಕೊಂಡದ್ದು ಅಷ್ಟು.

"ಅಲ್ಲ ಕಣವ್ವಾ," ಎಂದೆ, "ಜೀಪು ನಂದು, ಅಟ್ಟ ನಂದು, ಬಿಸಿಲಲ್ಲಿ ಛತ್ರಿ ಹಿಡ್ಕಂಡು ನಿಂತೋನು ನಾನು. ಇಡೀ ನಾಲ್ಕು ನಿಮಿಷದಾಗೆ ನಾನು ಎಲ್ಲೂ ಇಲ್ವಲ್ಲೇ! ಇದು ನ್ಯಾಯಾನಾ?"

ಮೇಘಶ್ರೀ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಟೆಂಪೋ ಹಾರ್ನ್ ಕೇಳಿಸಿತು, ಎದ್ದಳು.

"ಅಮ್ಮ ಹನ್ನೊಂದು ವರ್ಷ ಫ್ರೇಮಿನ ಆಚೆ ನಿಂತಿದ್ಲು ದೊಡ್ಡಪ್ಪ. ನೀವು ನಾಲ್ಕು ನಿಮಿಷಕ್ಕೇ ಸುಸ್ತಾದ್ರಾ?"