ಅವತ್ತು ಅವರು ‘ಇಲ್ಲ’ ಎಂದೇ ಹೇಳಿದ್ದರು

ಆ ನಾಯಕರು ಹಳೇಬೀಡಿಗೆ ಬರುತ್ತಾರಂತೆ ಎಂದು ನನಗೆ ಮೊದಲು ಹೇಳಿದವರು ನಮ್ಮ ಬೀದಿಯ ಕೊಬ್ಬರಿ ಮಂಡಿಯ ಯಜಮಾನರು. ಗೇಟಿನ ಆಚೆ ನಿಂತೇ ಕೂಗಿದರು.

“ಮೇಡಮ್ಮೋರೆ, ನಿಮ್ ಲೀಡ್ರು ಬತ್ತಾವ್ರೆ! ಈ ಸಲನಾದ್ರೂ ಸರ್ಯಾಗಿ ಟ್ರಾನ್ಸ್‌ಲೇಟ್ ಮಾಡ್ರಿ!”

ಕಾಫಿ ಅಲ್ಲೇ ಬಿಟ್ಟು ಗೇಟಿಗೆ ಬಂದೆ. ಎಂಬತ್ತರ ಹತ್ತಿರ ಬಂದ ಎದೆ ಹಾಗೆಲ್ಲ ಹೊಡೆದುಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಡಾಕ್ಟರಿಗೇನು ಗೊತ್ತು! ಅರ್ಧ ಆಯುಷ್ಯ ನಾನು ಕಾದಿದ್ದೇ ಈ ಸುದ್ದಿಗೆ.

ಸುಮಾರು ನಲವತ್ತು ವರ್ಷದ ಹಿಂದಿನ ಮಾತು. ಆಗ ನಾನು ಇದೇ ಅರಸೀಕೆರೆಯಲ್ಲಿ ಇಂಗ್ಲಿಷ್ ಟೀಚರ್. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿ ತೀಡಿದ ನನ್ನ ಇಂಗ್ಲಿಷಿಗೆ ಊರಿನಲ್ಲಿ ಒಂದು ಹೆಸರಿತ್ತು. ಉತ್ತರದ ಕಡೆಯ ಆ ನಾಯಕರು ಚುನಾವಣೆಯ ಪ್ರಚಾರಕ್ಕೆ ಬಂದಾಗ, ಅವರ ಭಾಷಣವನ್ನು ವೇದಿಕೆಯ ಮೇಲೆಯೇ ಕನ್ನಡಕ್ಕೆ ತಿರುಗಿಸಲು ಪಕ್ಷದವರು ನನ್ನನ್ನು ಕರೆದರು. ನಾನೇನೂ ಅವರ ಪಕ್ಷದವಳಲ್ಲ. ಸರ್ಕಾರದ ಕೈ ಬಿಗಿಯಾಗಿರಬೇಕು, ಹಿರಿಯರು ಕಟ್ಟಿದ್ದನ್ನು ಅವಸರದಲ್ಲಿ ಕೆಡವಬಾರದು ಎಂಬ ಅವರ ಮಾತನ್ನು ಒಪ್ಪಿದರೂ, ಹೆಂಗಸರ ಸ್ಥಾನಮಾನದ ಬಗ್ಗೆ ಅವರು ಆಡುತ್ತಿದ್ದ ಮಾತಿಗೆ ಮೈ ಉರಿಯುತ್ತಿತ್ತು. ಆದರೆ ಮೈಕು! ವೇದಿಕೆ! ಗಂಜಿ ಹಾಕಿದ ಕಾಟನ್ ಸೀರೆ ಉಟ್ಟುಕೊಂಡು ಓಡಿದೆ.

ನಾಯಕರು ಒಂದೇ ಉಸಿರಿಗೆ ಮಾತಾಡುತ್ತ ಹೋದರು. ನನಗೆ ತಡೆಯಲಾಗಲಿಲ್ಲ. ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿಬಿಟ್ಟೆ: “ಒನ್ ಸೆಂಟೆನ್ಸ್ ಅಟ್ ಎ ಟೈಮ್, ಸರ್.” ಇಡೀ ದೇಶ ಹೆದರುತ್ತಿದ್ದ ಮನುಷ್ಯ ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ವಿಧೇಯ ವಿದ್ಯಾರ್ಥಿಯ ಹಾಗೆ ಒಂದೊಂದೇ ವಾಕ್ಯ ಹೇಳತೊಡಗಿದರು.

ಊರಿನ ಪದ್ಧತಿಯಂತೆ ಅವರಿಗೆ ಕೊಬ್ಬರಿ ಹಾರ ಹಾಕಿದರು. ಹಾರದ ಭಾರಕ್ಕೆ ಕತ್ತು ಬಗ್ಗಿತ್ತು. ಆಗಲೇ ಮುಂದಿನ ಸಾಲಿನಿಂದ ನಮ್ಮ ಇದೇ ಮಂಡಿ ಯಜಮಾನರು, ಅಂದರೆ ಆಗಿನ್ನೂ ಮೀಸೆ ತಿರುವುವ ತರುಣ, ಎದ್ದು ನಿಂತು ಕೇಳಿದರು. “ಸಾಮಿ, ಕೊಬ್ರಿ ಬೆಂಬಲ ಬೆಲೆ ಏರಿಸ್ತೀರೋ ಇಲ್ವೋ?”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ನಾಯಕರು ಥಟ್ಟನೆ, “ನೋ. ಐ ಕೆನಾಟ್ ಪ್ರಾಮಿಸ್ ದಟ್” ಎಂದರು. ಮತ ಕೇಳಲು ಬಂದವನು ವೇದಿಕೆಯ ಮೇಲಿಂದ ಬೆಲೆ ಕೂಗಬಾರದು ಎಂದೂ ಸೇರಿಸಿದರು. ಆದರೆ ಅವರಿಗೊಂದು ಅಭ್ಯಾಸ. ಏನೇ ಮಾತಾಡಿದರೂ ತಲೆ ಮೆಲ್ಲಗೆ ಆ ಭುಜಕ್ಕೊಮ್ಮೆ ಈ ಭುಜಕ್ಕೊಮ್ಮೆ ವಾಲುತ್ತಿತ್ತು. ನಮ್ಮ ಕಡೆ ಯಾರಾದರೂ ಹಾಗೆ ತಲೆಯಾಡಿಸಿದರೆ ‘ಆಯ್ತಪ್ಪ, ಮಾಡೋಣ’ ಎಂದೇ ಲೆಕ್ಕ. ಸಭೆಯೆಲ್ಲ ಆ ತಲೆಯನ್ನು ನೋಡಿ ಚಪ್ಪಾಳೆಗೆ ಕೈ ಎತ್ತಿತ್ತು. ಅಷ್ಟರಲ್ಲಿ ನಾನು ಮೈಕಿನಲ್ಲಿ ಖಡಾಖಂಡಿತವಾಗಿ ಹೇಳಿದೆ: “ಇಲ್ಲ. ಭರವಸೆ ಕೊಡುವುದಿಲ್ಲ.”

“ಏ, ಅವ್ರು ಹ್ಞೂಂ ಅಂದ್ರಲ್ಲಾ! ಈಯಮ್ಮ ಯಾಕ್ ಇಲ್ಲ ಅಂತಾಳೆ?”

ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಸಲ ಇಲ್ಲಿ ಅವರ ಪಕ್ಷ ಸೋತಿತು. ಅವರಿಗೇನು, ದೆಹಲಿಯಲ್ಲಿ ಮೇಲೇರುತ್ತಲೇ ಹೋದರು. ದೊಡ್ಡ ದೊಡ್ಡ ಖಾತೆಗಳು ಅವರ ಕೈಗೆ ಬಂದವು. ದೇಶದ ಗಂಟನ್ನು ಬಿಗಿಯಾಗಿ ಕಟ್ಟಿಟ್ಟ ಪುಣ್ಯಾತ್ಮ ಎಂದು ಕೆಲವರು, ಬಡವರ ಕಡೆ ಕಣ್ಣೆತ್ತಿ ನೋಡದ ಕಲ್ಲು ಎಂದು ಕೆಲವರು. ಟಿವಿಯಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ. ನನಗೆ ಎರಡೂ ನಿಜ ಅನ್ನಿಸುತ್ತದೆ. ಆದರೆ ಅರಸೀಕೆರೆಯಲ್ಲಿ ಅವರ ಬಗ್ಗೆ ಒಂದೇ ಇತಿಹಾಸ: ಅವರು ಕೊಡುತ್ತೇನೆ ಎಂದಿದ್ದರು, ಮೇಡಮ್ಮ ಕೆಡಿಸಿದರು! ಕೊಬ್ಬರಿ ಬೆಲೆ ಬಿದ್ದಾಗಲೆಲ್ಲ ಮಂಡಿಯ ಮುಂದೆ ಹಾದುಹೋಗುವುದೇ ಕಷ್ಟ. ತಮಾಷೆಯೇ, ಒಪ್ಪುತ್ತೇನೆ. ಆದರೆ ಜೀವಮಾನವೆಲ್ಲ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳಿಗೆ, ನಿನಗೆ ‘ನೋ’ ಕೂಡ ಅರ್ಥವಾಗಲಿಲ್ಲ ಎಂದರೆ? ಅವರು ಒಂದೇ ಒಂದು ಸಲ ಈ ಯಜಮಾನರ ಎದುರು ನಿಜ ಹೇಳಲಿ. ನನಗೆ ಬೇಕಾದದ್ದು ಅಷ್ಟೇ.

ಹಳೇಬೀಡಿಗೆ ಹೊರಟೆ. “ನಾನೂ ಬತ್ತೀನಿ ನಡೀರಿ,” ಎಂದು ಯಜಮಾನರೂ ಕೊಬ್ಬರಿ ಹಾರದ ಚೀಲ ಹಿಡಿದು ಬಸ್ಸು ಹತ್ತಿಯೇಬಿಟ್ಟರು. ಜಾವಗಲ್ ದಾಟುವವರೆಗೂ ಕಿಟಕಿಯ ಸೀಟು ಬಿಟ್ಟುಕೊಡಲಿಲ್ಲ.

“ಅವ್ರಿಗೆ ಅದೆಲ್ಲ ಎಲ್ಲಿ ಜ್ಞಾಪಕ ಇರ್ತದೆ, ತೊಂಬತ್ತು ದಾಟೈತೆ,” ಎಂದರು.

“ನಿಮಗೆ ಜ್ಞಾಪಕ ಇದೆಯಲ್ರೀ.”

“ನಂದು ಕೊಬ್ರಿ ಯಾಪಾರ ಕಣ್ರೀ. ಅವ್ರುದು ದೇಶದ್ದು.”

ಹಳೇಬೀಡಿನಲ್ಲಿ ಬಸದಿಯ ಹತ್ತಿರದ ಜೈನರ ಮನೆಯೊಂದು ನಾಯಕರ ಹಳೆಯ ಸ್ನೇಹಿತರದು. ದೇವಸ್ಥಾನ ನೋಡಿಕೊಂಡು ಬಂದ ನಾಯಕರನ್ನು ಆ ಮನೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ, ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಎಷ್ಟು ಚಿಕ್ಕವರಾಗಿಬಿಟ್ಟಿದ್ದರು! ತಲೆ ಮಾತ್ರ ಹಾಗೆಯೇ ವಾಲುತ್ತಿತ್ತು. ಈಗ ಮಾತಿದ್ದರೂ ಇಲ್ಲದಿದ್ದರೂ ನಿಲ್ಲುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕೆಂಬ ನೇಮದ ಮನೆ. ಮನೆಯ ಹಿರಿಯರು ಪಶ್ಚಿಮದ ಕಡೆ ನೋಡುತ್ತ, “ಬೇಗ ಮುಗಿಸಿ, ಎಲೆ ಹಾಕಿಯಾಗಿದೆ” ಎನ್ನುತ್ತಲೇ ಇದ್ದರು. ನಾನು ಇಂಗ್ಲಿಷ್ ಮೇಡಂ ಎಂದು ಗೊತ್ತಾದದ್ದೇ ತಡ, ಮಾತನ್ನು ಕನ್ನಡ ಮಾಡಲು ಮತ್ತೆ ನನ್ನನ್ನೇ ಪಕ್ಕದಲ್ಲಿ ನಿಲ್ಲಿಸಿದರು.

ನಾಯಕರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ತುಟಿಯ ಕೊನೆಯಲ್ಲಿ ನಗು. “ಒನ್ ಸೆಂಟೆನ್ಸ್ ಅಟ್ ಎ ಟೈಮ್?”

ಗುರುತು ಹಿಡಿದರು! ನನಗೆ ಕುಣಿಯಬೇಕೆನ್ನಿಸಿತು. ಮಂಡಿಚಿಪ್ಪು ಗಟ್ಟಿಯಿದ್ದಿದ್ದರೆ ಕುಣಿದೂ ಬಿಡುತ್ತಿದ್ದೆ.

ಮಾತು ಹೆಚ್ಚಿರಲಿಲ್ಲ. ಕಲ್ಲು ಕಡೆದವರು ಅವಸರ ಮಾಡಲಿಲ್ಲ, ಅದಕ್ಕೇ ದೇವಸ್ಥಾನ ಉಳಿದಿದೆ ಎಂದರು. ಸುಸ್ತಾಗಿ ನಿಲ್ಲಿಸಿದರು. ಮನೆಯ ಹಿರಿಯರು ಊಟಕ್ಕೆ ಏಳಿಸಲು ಮುಂದೆ ಬಂದರು. “ಒಂದೇ ಪ್ರಶ್ನೆ ಬಾಕಿ ಇದೆ, ಒಂದೇ!” ಎಂದು ಮೈಕಿನಲ್ಲೇ ಕೂಗಿ ಯಜಮಾನರ ಕಡೆ ತಿರುಗಿದೆ. “ಕೇಳ್ರೀ ಈಗ!”

ಅವರು ಚೀಲ ಎದೆಗವಚಿಕೊಂಡು ಎದ್ದರು. “ಸಾಮಿ, ಅವತ್ತು ಕೊಬ್ರಿ ಬೆಲೆ ಏರಿಸ್ತೀನಿ ಅಂದ್ರೋ, ಇಲ್ಲ ಅಂದ್ರೋ?”

ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ. “ಐ ಸೆಡ್ ನೋ,” ಎಂದರು ನಾಯಕರು. ತಲೆ ಆ ಕಡೆ ಈ ಕಡೆ.

“ನೋಡ್ರಿ, ನೋಡ್ರಿ ತಲೆಯಾ!” ಎಂದು ಯಜಮಾನರು ಎಲ್ಲರ ಕಡೆ ತಿರುಗಿ ಕೂಗಿದರು. “ಹ್ಞೂಂ ಅಂತಾವ್ರೆ!”

ಈ ಸಲ ನಾನು ಅನುವಾದ ಮಾಡಲಿಲ್ಲ. ಬಗ್ಗಿ ಹೇಳಿದೆ: “ಸರ್, ಯುವರ್ ಹೆಡ್ ಈಸ್ ಸೇಯಿಂಗ್ ಯೆಸ್.”

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಎರಡೂ ಅಂಗೈಗಳನ್ನು ಕೆನ್ನೆಗಳಿಗೆ ಒತ್ತಿ, ವಾಲುತ್ತಿದ್ದ ತಲೆಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು. ಯಜಮಾನರ ಕಣ್ಣನ್ನೇ ನೋಡುತ್ತ ಸ್ಪಷ್ಟವಾಗಿ, ಕನ್ನಡದಲ್ಲಿ ಹೇಳಿದರು.

“ಇಲ್ಲ.”

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಈ ಪದ ಎಲ್ಲಿ ಕಲಿತಿರಿ ಎಂದು ಕೇಳಿದೆ. “ಫ್ರಮ್ ಯು, ಮೇಡಂ,” ಎಂದರು. “ದಟ್ ವರ್ಡ್ ಕಾಸ್ಟ್ ಅಸ್ ದ ಸೀಟ್. ಹೌ ಕುಡ್ ಐ ಫರ್ಗೆಟ್?” ನನ್ನಿಂದ ಸೀಟು ಹೋಯಿತೆಂಬ ಸಿಟ್ಟು ಆ ದನಿಯಲ್ಲಿ ಎಳ್ಳಷ್ಟೂ ಇರಲಿಲ್ಲ. ಅವರನ್ನು ಒಳಗೆ ಊಟಕ್ಕೆ ತಳ್ಳಿಕೊಂಡು ಹೋದರು. ನಾನು ಅವರ ಪಕ್ಷಕ್ಕೆ ಆಗಲೂ ವೋಟು ಹಾಕಿರಲಿಲ್ಲ, ಈಗ ಅವರೇ ನಿಂತರೂ ಹಾಕುತ್ತಿರಲಿಲ್ಲ. ಆದರೂ ಆ ಕುರ್ಚಿ ಹೊಸಿಲು ದಾಟುವವರೆಗೆ ಕೈ ಮುಗಿದೇ ನಿಂತಿದ್ದೆ.

ವಾಪಸು ಬಸ್ಸಿನಲ್ಲಿ ಯಜಮಾನರು ಕೇಳದೆಯೇ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಹಾರವನ್ನು ಆ ಬಡಕಲು ಕತ್ತಿಗೆ ಹಾಕುವ ಧೈರ್ಯ ಅವರಿಗಾಗಿರಲಿಲ್ಲ. ಈಗ ಆ ಚೀಲವನ್ನು ನನ್ನ ಮಡಿಲಿಗಿಟ್ಟರು.

“ತಗಳಿ, ನಿಮ್ಗೇ ಇರ್ಲಿ. ಚಟ್ನಿಪುಡಿಗಾಯ್ತದೆ.”

ಅಬ್ಬಾ, ಎಂಥ ಭಾರ! ಅಪ್ಪಿಕೊಂಡು ಕೂತೆ. ಅರಸೀಕೆರೆಯ ದೀಪಗಳು ಕಂಡವು. ಇಳಿಯುವಾಗ ಯಜಮಾನರು ತಿರುಗಿ ಹೇಳಿದರು.

“ಆದ್ರೂ ಮೇಡಮ್ಮೋರೆ, ಅವತ್ತು ನೀವು ಒಸಿ ಮೆತ್ತುಗ್ ಹೇಳ್ಬೋದಿತ್ತು.”